ಮಳೆಯ ಅಂಕಿಗೂ ಚಕ್ಕುಬಂದಿ ಬೇಕು

(ವ್ಯವಸಾಯದ ಇನ್‌ಸ್ಪೆಕ್ಟರರೊಬ್ಬರು, ಎಲ್. ಏಜಿ., ಬರೆದುದು)

ಜಮೀನಿನ ವ್ಯವಹಾರದಲ್ಲಿ ನಮ್ಮ ಗ್ರಾಮಮುಖಂಡರೂ ಜಮೀನುದಾರರೂ ಎಷ್ಟು ಎಚ್ಚರಿಕೆಯಿಂದಿರುವರೆಂಬುದು ಎಲ್ಲರೂ ಬಲ್ಲ ವಿಷಯ. ಹತ್ತು ಗುಂಟೆ ಭೂಮಿಯನ್ನು ಕ್ರಯಕ್ಕೆ ಕೊಳ್ಳಬೇಕಾದರೂ ಅದರ ಸರ್ವೆ ನಂಬರೇನು, ಮೂಡಲಿಗೆ ಯಾರ ಹೊಲ, ಪಡುವಲಿಗೆ ಯಾವ ಹಳ್ಳ, ಬಡಗಲಿಗೆ ಯಾವ ಬಂಡಿದಾರಿ, ತೆಂಕಲಿಗೆ ಯಾರ ಬದು ಎಂಬುದನ್ನು ವಿಚಾರಿಸದೆ ಒಬ್ಬರೂ ರುಜು ಹಾಕುವುದಿಲ್ಲ. ಚಕ್ಕುಬಂದಿಯಿಲ್ಲದ ಪತ್ರಕ್ಕೆ ಬೆಲೆಯಿಲ್ಲವೆಂಬುದನ್ನು ಓದುಬರಹವಿಲ್ಲದವರೂ ಬಲ್ಲರು. ಆದರೆ ಅದೇ ಭೂಮಿಯ ಮೇಲೆ ಬೀಳುವ ಮಳೆಯ ವಿಷಯದಲ್ಲಿ ಈ ಎಚ್ಚರಿಕೆಯು ಕಾಣಬರುವುದಿಲ್ಲ. “ನಿಮ್ಮ ಊರಿಗೆ ಈ ತಿಂಗಳಲ್ಲಿ ಇಷ್ಟು ಮಿಲಿಮೀಟರ್ ಮಳೆಯಾಗಿದೆ” ಎಂದು ಯಾರಾದರೂ ಕಂಪ್ಯೂಟರಿನ ನಕ್ಷೆಯನ್ನು ತೋರಿಸಿ ಹೇಳಿದರೆ, ಅದು ಎಷ್ಟು ವಿಸ್ತೀರ್ಣದ ಅಂಕಿ, ಎಲ್ಲಿಂದ ಎಲ್ಲಿಯವರೆಗಿನದು, ಯಾರು ಅಳೆದುದು ಎಂದು ಕೇಳುವವರು ವಿರಳ. ಒಪ್ಪುವವರು ಕಣ್ಣುಮುಚ್ಚಿ ಒಪ್ಪುತ್ತಾರೆ. ಒಪ್ಪದವರು “ಇದೆಲ್ಲ ಸುಳ್ಳು” ಎಂದು ಎದ್ದುಹೋಗುತ್ತಾರೆ. ಎರಡೂ ಸರಿಯಲ್ಲವೆಂಬುದೇ ಈ ಲೇಖನದ ಅಭಿಪ್ರಾಯ.

ಈಗಿನ ಕಾಲದಲ್ಲಿ ಈ ವಿಷಯವು ಅಲ್ಪವಾದುದಲ್ಲ. ಬರಪೀಡಿತ ಪ್ರದೇಶಗಳನ್ನು ಗೊತ್ತುಮಾಡುವಾಗ ವಾಡಿಕೆಯ ಮಳೆಗಿಂತ ಎಷ್ಟು ಕಡಮೆಯಾಗಿದೆಯೆಂಬುದನ್ನು ಮೊದಲು ನೋಡುತ್ತಾರೆ. 2016ರಲ್ಲಿ ಪುನರ್ರಚಿತವಾದ ಹವಾಮಾನಾಧಾರಿತ ಬೆಳೆವಿಮೆಯಲ್ಲಿ ಪರಿಹಾರವು ರೈತನ ಕಣದ ರಾಶಿಯನ್ನು ನೋಡಿ ಬರುವುದಿಲ್ಲ. ಗೊತ್ತುಪಡಿಸಿದ ಸ್ಥಳದ ಹವಾಮಾನದ ಅಂಕಿಗಳನ್ನು ನೋಡಿ ಬರುತ್ತದೆ. ಬಿತ್ತನೆಯ ಸಲಹೆ, ಕೆರೆಗಳಿಗೆ ಬರುವ ನೀರಿನ ಅಂದಾಜು, ಕಿರುಜಲಾನಯನದ ಯೋಜನೆ ಮುಂತಾದುವುಗಳೂ ಅಂಕಿಗಳನ್ನೇ ಅವಲಂಬಿಸಿರುತ್ತವೆ. ಆದುದರಿಂದ ಅಂಕಿಯನ್ನು ಓದುವ ಕ್ರಮವನ್ನು ತಿಳಿಯುವುದು ಪಹಣಿಯನ್ನು ಓದುವ ಕ್ರಮವನ್ನು ತಿಳಿದಷ್ಟೇ ಅವಶ್ಯಕ.

ಮೊದಲು ಈ ಅಂಕಿಗಳು ಎಲ್ಲಿಂದ ಬರುವುವೆಂಬುದನ್ನು ನೋಡೋಣ. 1875ರಲ್ಲಿ ಸ್ಥಾಪಿತವಾದ ಭಾರತ ಹವಾಮಾನ ಇಲಾಖೆಯವರು ದೇಶದ ಮಳೆಮಾಪಕಗಳ ದಾಖಲೆಗಳನ್ನು ಒಟ್ಟುಗೂಡಿಸಿ, 1901ನೆಯ ಇಸವಿಯಿಂದ ಮೊದಲ್ಗೊಂಡು ದಿನವಹಿ ಮಳೆಯ ಚೌಕುಳಿ ಪಟ್ಟಿಯನ್ನು ಸಿದ್ಧಪಡಿಸಿರುತ್ತಾರೆ. ದೇಶದ ಭೂಪಟದ ಮೇಲೆ ಅಕ್ಷಾಂಶ ರೇಖಾಂಶಗಳ ಗೆರೆಗಳನ್ನು ಕಾಲು ಡಿಗ್ರಿಗೆ ಒಂದರಂತೆ ಎಳೆದರೆ ಚೌಕಾಬಾರದ ಮನೆಗಳಂತೆ ಚೌಕಗಳಾಗುತ್ತವೆ. ಈ ಪಟ್ಟಿಯಲ್ಲಿ ಉತ್ತರ ಅಕ್ಷಾಂಶ 6.5ರಿಂದ 38.5ರವರೆಗೆ 129 ಸಾಲುಗಳೂ, ಪೂರ್ವ ರೇಖಾಂಶ 66.5ರಿಂದ 100ರವರೆಗೆ 135 ಕಂಬಗಳೂ ಇವೆ. ಗೆರೆಗಳು ಕೂಡುವ ಒಂದೊಂದು ಬಿಂದುವಿಗೂ ದಿನಕ್ಕೊಂದು ಅಂಕಿಯುಂಟು. ಆ ಬಿಂದುವಿನ ಸುತ್ತ, ಪಕ್ಕದ ಬಿಂದುಗಳ ಅರ್ಧ ದೂರದವರೆಗೆ ಇರುವ ನೆಲಕ್ಕೆಲ್ಲ ಅದೇ ಅಂಕಿಯೆಂದು ಎಣಿಸುವುದು ರೂಢಿ.

ಈ ಚೌಕದ ವಿಸ್ತೀರ್ಣವನ್ನು ನಮ್ಮ ಅಳತೆಯಲ್ಲಿ ಹೇಳಿದರೆ ವಾಚಕರಿಗೆ ಆಶ್ಚರ್ಯವಾದೀತು. ನಮ್ಮ ರಾಜ್ಯದ ನಡುಭಾಗದಲ್ಲಿ ಕಾಲು ಡಿಗ್ರಿಯೆಂದರೆ ತೆಂಕಣ ಬಡಗಣವಾಗಿ ಸುಮಾರು 27.7 ಕಿಲೋಮೀಟರ್, ಮೂಡಣ ಪಡುವಣವಾಗಿ ಸುಮಾರು 27 ಕಿಲೋಮೀಟರ್. ಒಂದು ಚೌಕಕ್ಕೆ ಸುಮಾರು 747 ಚದರ ಕಿಲೋಮೀಟರ್, ಅಂದರೆ ಹೆಚ್ಚುಕಡಮೆ 1 ಲಕ್ಷ 84 ಸಾವಿರ ಎಕರೆ. ಊರಿನ ಮೂಡಲ ಹೊಲದಲ್ಲಿ ಹದಮಳೆಯಾಗಿ, ಪಡುವಲ ಹೊಲದಲ್ಲಿ ಧೂಳೇಳುವುದನ್ನು ಕಂಡ ರೈತನಿಗೆ, ಇಷ್ಟು ವಿಸ್ತಾರವಾದ ನೆಲಕ್ಕೆ ಒಂದೇ ಅಂಕಿಯೆಂದರೆ ಅದರ ಅರ್ಥವೇನೆಂಬುದನ್ನು ವಿವರಿಸಬೇಕಾಗಿಲ್ಲ.

ಇಷ್ಟೇ ಅಲ್ಲ. 1901ರಿಂದ 2010ರವರೆಗಿನ ಪಟ್ಟಿಯನ್ನು ಸಿದ್ಧಪಡಿಸಲು 6,955 ಮಳೆಮಾಪಕ ಕೇಂದ್ರಗಳ ದಾಖಲೆಗಳನ್ನು ಉಪಯೋಗಿಸಿದರು. ಇದು ಬಹು ದೊಡ್ಡ ಕೆಲಸವೆಂಬುದರಲ್ಲಿ ಸಂದೇಹವಿಲ್ಲ. ಆದರೂ ದೇಶದ ವಿಸ್ತೀರ್ಣವನ್ನು ಈ ಸಂಖ್ಯೆಯಿಂದ ಭಾಗಿಸಿದರೆ ಒಂದೊಂದು ಮಾಪಕಕ್ಕೆ ಸುಮಾರು 470 ಚದರ ಕಿಲೋಮೀಟರ್ ನೆಲ ಬರುತ್ತದೆ. ಎಲ್ಲ ಕೇಂದ್ರಗಳೂ ಎಲ್ಲ ದಿನವೂ ವರದಿ ಕೊಟ್ಟಿರುವುದೂ ಇಲ್ಲ. ಆದಕಾರಣ ಬಿಂದುವಿನ ಅಂಕಿಯು ಅಲ್ಲಿಯೇ ನಿಂತು ಅಳೆದುದಲ್ಲ. ಸುತ್ತಲಿನ ಮಾಪಕಗಳ ಅಂಕಿಗಳನ್ನು, ಹತ್ತಿರದ್ದಕ್ಕೆ ಹೆಚ್ಚು ತೂಕ, ದೂರದ್ದಕ್ಕೆ ಕಡಮೆ ತೂಕ ಎಂಬ ಕ್ರಮದಿಂದ ಕೂಡಿಸಿ ಮಾಡಿದ ಅಂದಾಜು. ಒಳ್ಳೆಯ ಅಂದಾಜೇ ಹೌದು, ಆದರೆ ಅಂದಾಜು.

ಇನ್ನು ಇದನ್ನು ಓದುವ ಬಗೆ. ಇಂಥ ಪಟ್ಟಿಗಳನ್ನು ನೆಟ್‌ಸಿಡಿಎಫ್ ಎಂಬ ಬಗೆಯ ಕಡತಗಳಲ್ಲಿ ಇಡುವುದುಂಟು. ಅಂಕಿಗಳ ಜೊತೆಗೆ ಅವುಗಳ ಅಕ್ಷಾಂಶ, ರೇಖಾಂಶ, ತಾರೀಖು, ಅಳತೆಯ ಮಾನ ಇವೆಲ್ಲವನ್ನೂ ಕಡತದೊಳಗೇ ಬರೆದಿಡುವುದು ಇದರ ವಿಶೇಷ. ಇವನ್ನು ಓದುವುದಕ್ಕೆ ಪೈಥಾನ್ ಎಂಬ ಕಂಪ್ಯೂಟರ್ ಭಾಷೆಯಲ್ಲಿ ಎಕ್ಸ್‌ಅರೇ ಎಂಬ ಲೈಬ್ರರಿಯಿದೆ. ಲೈಬ್ರರಿಯೆಂದರೆ ಇಲ್ಲಿ ಪುಸ್ತಕ ಭಂಡಾರವಲ್ಲ. ಮತ್ತೆಮತ್ತೆ ಬೇಕಾಗುವ ಲೆಕ್ಕದ ಕ್ರಮಗಳನ್ನು ಮೊದಲೇ ಬರೆದು ಜೋಡಿಸಿಟ್ಟ ಸಂಗ್ರಹ. ಅಮೆರಿಕದಲ್ಲಿ ಹವಾಮಾನವನ್ನಾಧರಿಸಿ ರೈತರಿಗೆ ಬೆಳೆವಿಮೆ ಮಾರುತ್ತಿದ್ದ ಕ್ಲೈಮೇಟ್ ಕಾರ್ಪೊರೇಷನ್ ಎಂಬ ಕಂಪನಿಯಲ್ಲಿ ಇದು ಹುಟ್ಟಿತು. 2014ರಲ್ಲಿ ಎಲ್ಲರಿಗೂ ಉಚಿತವಾಗಿ ದೊರೆಯುವಂತೆ ಬಿಡುಗಡೆಯಾಗಿ, 2016ರಲ್ಲಿ ಈಗಿನ ಹೆಸರನ್ನು ಪಡೆಯಿತು. ಬೆಳೆವಿಮೆಯ ಲೆಕ್ಕಕ್ಕಾಗಿ ಹುಟ್ಟಿದ ಉಪಕರಣವನ್ನು ವಿಮೆ ಕಟ್ಟುವ ರೈತನೂ ತಿಳಿದಿರಬೇಕಾದುದು ನ್ಯಾಯವಲ್ಲವೆ?

ಈ ಲೈಬ್ರರಿ ಬರುವುದಕ್ಕೆ ಮೊದಲು ಅಂಕಿಯನ್ನು ಸ್ಥಾನದ ಎಣಿಕೆಯಿಂದ ಹುಡುಕುವುದೇ ವಾಡಿಕೆಯಾಗಿದ್ದಿತು. “ಮೂವತ್ತೆರಡನೆಯ ಸಾಲಿನ ನಲವತ್ತೆರಡನೆಯ ಮನೆಯ ಅಂಕಿಯನ್ನು ಕೊಡು” ಎಂದು ಕೇಳಬೇಕು. ಎಣಿಕೆಯನ್ನು ಸೊನ್ನೆಯಿಂದ ಆರಂಭಿಸಬೇಕೋ ಒಂದರಿಂದಲೋ ಎಂಬಲ್ಲಿ ತಪ್ಪಿದರೆ ಒಂದು ಚೌಕವೇ, ಅಂದರೆ 27 ಕಿಲೋಮೀಟರ್ ದೂರವೇ, ಆಚೀಚೆಯಾಗುತ್ತಿತ್ತು. “ಕೆರೆಯ ಏರಿಯಿಂದ ಏಳನೆಯ ಹೊಲ” ಎಂದು ಗುರುತು ಹೇಳುವುದು ಹೇಗೋ ಇದೂ ಹಾಗೆಯೇ. ಎಕ್ಸ್‌ಅರೇಯಲ್ಲಿಯೂ ಸ್ಥಾನದಿಂದ ಹುಡುಕುವ ‘ಐಸೆಲ್’ ಎಂಬ ಆಜ್ಞೆಯಿದೆ. ಆದರೆ ಅದರ ಮುಖ್ಯ ಪ್ರಯೋಜನವಿರುವುದು ‘ಸೆಲ್’ ಎಂಬ ಇನ್ನೊಂದು ಆಜ್ಞೆಯಲ್ಲಿ. ಇದಕ್ಕೆ ಅಕ್ಷಾಂಶ ರೇಖಾಂಶಗಳನ್ನೇ ಹೇಳಿದರೆ ಸಾಕು. ಸರ್ವೆ ನಂಬರು ಹೇಳಿ ಹೊಲವನ್ನು ಕೇಳಿದಂತೆ. ನಾಲ್ಕೈದು ಸಾಲುಗಳ ಬರವಣಿಗೆಯಿಂದ 1901ರಿಂದೀಚಿನ ಒಂದೊಂದು ದಿನದ ಮಳೆಯೂ ಕಣ್ಣಮುಂದೆ ಬಂದು ನಿಲ್ಲುತ್ತದೆ.

ಆದರೆ ನಮ್ಮ ಊರು ಗೆರೆಗಳು ಕೂಡುವ ಬಿಂದುವಿನ ಮೇಲೆಯೇ ಸರಿಯಾಗಿ ಕುಳಿತಿರುವುದು ಅಪರೂಪ. ಬರಿಯ ‘ಸೆಲ್’ ಎಂದರೆ, ಅಂಥ ಬಿಂದುವಿಲ್ಲವೆಂದು ಯಂತ್ರವು ಪ್ರಾಮಾಣಿಕವಾಗಿ ಹೇಳಿಬಿಡುತ್ತದೆ. ಆದುದರಿಂದ ಎಲ್ಲರೂ ‘ನಿಯರೆಸ್ಟ್’ ಎಂಬ ಮಾತನ್ನು ಸೇರಿಸುತ್ತಾರೆ. ‘ಅತಿ ಸಮೀಪದ ಬಿಂದುವಿನ ಅಂಕಿಯನ್ನು ಕೊಡು’ ಎಂದು ಇದರ ಅರ್ಥ. ಯಂತ್ರವು ತಕ್ಷಣವೇ ಒಂದು ಅಂಕಿಯನ್ನು ಕೊಡುತ್ತದೆ. ಎಷ್ಟು ದೂರದಿಂದ ತಂದೆನೆಂಬುದನ್ನು ಮಾತ್ರ ಕೇಳದೆ ಹೇಳುವುದಿಲ್ಲ. ನಮ್ಮ ಜಾಗರೂಕತೆಯು ಆರಂಭವಾಗಬೇಕಾದುದು ಇಲ್ಲಿಯೇ.

ಚಿತ್ರದುರ್ಗ ಜಿಲ್ಲೆಯ ಉದಾಹರಣೆಯನ್ನು ತೆಗೆದುಕೊಳ್ಳೋಣ. ಚಳ್ಳಕೆರೆಯ ಪಟ್ಟಣವು ಉತ್ತರ ಅಕ್ಷಾಂಶ 14.32, ಪೂರ್ವ ರೇಖಾಂಶ 76.65ರ ಸಮೀಪದಲ್ಲಿದೆ. ಇದಕ್ಕೆ ಅತಿ ಸಮೀಪದ ಬಿಂದು 14.25, 76.75. ಚಿತ್ರದುರ್ಗ ಪಟ್ಟಣವು 14.23, 76.40ರ ಸಮೀಪದಲ್ಲಿದ್ದು, ಅದರ ಬಿಂದು 14.25, 76.50. ಈ ಎರಡು ಚೌಕಗಳ ಎಲ್ಲೆಯು 76.625ರ ರೇಖಾಂಶದ ಮೇಲೆ ಹಾಯುತ್ತದೆ. ಚಳ್ಳಕೆರೆಯಿಂದ ಆ ಎಲ್ಲೆಗೆ ಮೂರು ಕಿಲೋಮೀಟರ್ ಕೂಡ ಇಲ್ಲ. ಹೀಗಿರಲು, ಚಳ್ಳಕೆರೆಯ ಪಡುವಲಿಗೆ ನಾಲ್ಕು ಕಿಲೋಮೀಟರ್ ದೂರದಲ್ಲಿರುವ ಹೊಲಕ್ಕೆ ಚಿತ್ರದುರ್ಗದ ಚೌಕದ ಅಂಕಿಯೂ, ಮೂಡಲಿಗೆ ಇಪ್ಪತ್ತು ಕಿಲೋಮೀಟರ್ ದೂರದಲ್ಲಿರುವ ಹೊಲಕ್ಕೆ ಚಳ್ಳಕೆರೆಯ ಚೌಕದ ಅಂಕಿಯೂ ದೊರೆಯುತ್ತದೆ. ನೆರೆಹೊರೆಯ ಇಬ್ಬರು ರೈತರಲ್ಲಿ ಒಬ್ಬನಿಗೆ ಒಂದು ಅಂಕಿ, ಇನ್ನೊಬ್ಬನಿಗೆ ಬೇರೊಂದು ಅಂಕಿ ಬಂದರೆ ಅದು ಯಾರ ಮೋಸವೂ ಅಲ್ಲ. ಬದುವಿನ ಮೇಲೆ ಚೌಕದ ಗೆರೆ ಹಾದಿರುವುದರ ಫಲ. ಇದನ್ನು ಮೊದಲೇ ತಿಳಿದಿದ್ದರೆ ಎಷ್ಟೋ ತಕರಾರುಗಳು ಹುಟ್ಟುವುದೇ ಇಲ್ಲ.

ಬಯಲುಸೀಮೆಯಲ್ಲಿಯೇ ಹೀಗಾದರೆ, ಘಟ್ಟದ ಸೀಮೆಯಲ್ಲಿ ವ್ಯತ್ಯಾಸವು ಇನ್ನೂ ಹೆಚ್ಚು. ಆಗುಂಬೆಯು 13.50, 75.09ರ ಸಮೀಪದಲ್ಲಿ ಘಟ್ಟದ ನೆತ್ತಿಯ ಮೇಲಿದೆ. ವರ್ಷಕ್ಕೆ ಸರಾಸರಿ 7,000 ಮಿಲಿಮೀಟರಿಗಿಂತ ಹೆಚ್ಚು ಮಳೆಯಾಗತಕ್ಕ ಸ್ಥಳ. ಅಲ್ಲಿಂದ ಈಶಾನ್ಯಕ್ಕೆ ನೇರವಾಗಿ ಸುಮಾರು 70 ಕಿಲೋಮೀಟರ್ ದೂರದ ಶಿವಮೊಗ್ಗದಲ್ಲಿ ಅದರ ಕಾಲುಭಾಗವೂ ಬೀಳುವುದಿಲ್ಲ. ಇಷ್ಟು ಕಡಿದಾಗಿ ಮಳೆಯು ಇಳಿಯುವ ಪ್ರದೇಶದಲ್ಲಿ 27 ಕಿಲೋಮೀಟರಿನ ಚೌಕವು ಏನನ್ನು ತಿಳಿಸೀತು? ಆಗುಂಬೆಗೆ ಅತಿ ಸಮೀಪದ ಬಿಂದು 13.50, 75.00; ಘಟ್ಟದ ಕೆಳಗಿನ ಹೆಬ್ರಿಯೂ ಇದೇ ಚೌಕಕ್ಕೆ ಸೇರುತ್ತದೆ. ಘಟ್ಟದ ಮೇಲಿನ ಅಡಕೆ ತೋಟಕ್ಕೂ ಘಟ್ಟದ ಬುಡದ ಬತ್ತದ ಗದ್ದೆಗೂ ಒಂದೇ ಮಳೆಯೆಂದು ಯಂತ್ರವು ಹೇಳುತ್ತದೆ. ಕಣ್ಣಿದ್ದವರು ನಂಬುವ ಮಾತಲ್ಲವಷ್ಟೆ.

ಇದಕ್ಕಿಂತಲೂ ಮುಖ್ಯವಾದ ಇನ್ನೊಂದು ಸಂಗತಿಯಿದೆ. ವಿಸ್ತಾರವಾದ ಚೌಕದ ಸರಾಸರಿಯಲ್ಲಿ ಬಿರುಮಳೆಯು ತಗ್ಗಿ ಕಾಣುತ್ತದೆ; ಒಣದಿನಗಳು ಕಡಮೆಯಾಗಿ ಕಾಣುತ್ತವೆ. ಏಕೆಂದರೆ 1 ಲಕ್ಷ 84 ಸಾವಿರ ಎಕರೆಯಲ್ಲಿ ಎಲ್ಲಿಯಾದರೂ ಒಂದು ಮೂಲೆಯಲ್ಲಿ ಮಳೆ ಬಿದ್ದರೂ ಇಡೀ ಚೌಕಕ್ಕೆ ಎರಡು ಮೂರು ಮಿಲಿಮೀಟರ್ ಹಂಚಿಹೋಗುತ್ತದೆ. ಹವಾಮಾನ ಇಲಾಖೆಯ ಲೆಕ್ಕದಲ್ಲಿ 2.5 ಮಿಲಿಮೀಟರ್ ಅಥವಾ ಹೆಚ್ಚು ಬಿದ್ದ ದಿನವೇ ಮಳೆಯ ದಿನ. ಕಡಲೆಕಾಯಿ ಹೂವಾಗಿ ಊಡು ಇಳಿಯುವ ಕಾಲದಲ್ಲಿ ಒಬ್ಬ ರೈತನ ಹೊಲಕ್ಕೆ ಇಪ್ಪತ್ತೆರಡು ದಿನ ಹನಿಯೂ ಬೀಳದಿರಬಹುದು. ಚೌಕದ ಪಟ್ಟಿಯಲ್ಲಿ ಮಾತ್ರ ನಡುವೆ ಒಂದು ‘ಮಳೆಯ ದಿನ’ ಬಂದು, ಆ ಒಣಗಾಲವು ಎರಡು ತುಂಡಾಗಿ ತೋರಬಹುದು. ಬೆಳೆ ಒಣಗಿದ್ದೂ ನಿಜ, ಪಟ್ಟಿಯೂ ತನ್ನ ಮಟ್ಟಿಗೆ ನಿಜ. ಆದರೆ ಆ ಪಟ್ಟಿಯಿಂದ ಈ ಹೊಲದ ನಷ್ಟವನ್ನು ಅಳೆಯುವುದು ನ್ಯಾಯವಲ್ಲ.

ಓದುವವರ ಅಜಾಗರೂಕತೆಯಿಂದ ಆಗುವ ತಪ್ಪುಗಳನ್ನೂ ಕೆಲವು ಮಾತುಗಳಲ್ಲಿ ಹೇಳಬೇಕು. ಒಂದನೆಯದು, ಮಿನಿಟು ಮತ್ತು ದಶಾಂಶಗಳ ಗೊಂದಲ. ಹಳೆಯ ಭೂಪಟಗಳಲ್ಲಿ ಚಳ್ಳಕೆರೆಯ ಸ್ಥಾನವನ್ನು 14 ಡಿಗ್ರಿ 19 ಮಿನಿಟು, 76 ಡಿಗ್ರಿ 39 ಮಿನಿಟು ಎಂಬ ರೀತಿಯಲ್ಲಿ ಕಾಣಿಸುವರು. ಡಿಗ್ರಿಗೆ 60 ಮಿನಿಟು. ಆದುದರಿಂದ 39 ಮಿನಿಟೆಂದರೆ 0.65 ಡಿಗ್ರಿ. ಇದನ್ನು ಮರೆತು 76.39 ಎಂದು ಬರೆದುಕೊಟ್ಟರೆ ಯಂತ್ರವು ಆಕ್ಷೇಪಿಸುವುದಿಲ್ಲ. ಚಳ್ಳಕೆರೆಯ ಹೆಸರಿನಲ್ಲಿ ಚಿತ್ರದುರ್ಗದ ಚೌಕದ ಮಳೆಯನ್ನು ಓದಿಕೊಡುತ್ತದೆ.

ಎರಡನೆಯದು, ಅಕ್ಷಾಂಶ ರೇಖಾಂಶಗಳ ಅದಲುಬದಲು. ಹಾಗೆ ಮಾಡಿದರೆ ಚಳ್ಳಕೆರೆಯು ಉತ್ತರ ಧ್ರುವದ ಕಡೆಯ ಸ್ವಾಲ್ಬಾರ್ಡ್ ದ್ವೀಪಗಳ ಬಳಿಯ ಸಮುದ್ರದಲ್ಲಿ ಬೀಳುತ್ತದೆ. ಭಾರತದ ಪಟ್ಟಿಯಲ್ಲಿ ಅಂಥ ಸ್ಥಳವಿಲ್ಲವಾದರೂ ‘ನಿಯರೆಸ್ಟ್’ ಎಂಬ ಆಜ್ಞೆಯಿರುವುದರಿಂದ ಯಂತ್ರವು ಪಟ್ಟಿಯ ವಾಯವ್ಯ ಮೂಲೆಗೆ, ಅಂದರೆ 38.5, 66.5ರ ಬಿಂದುವಿಗೆ, ಹೋಗಿ ನಿಲ್ಲುತ್ತದೆ. ಅದು ಉಜ್ಬೇಕಿಸ್ತಾನದ ನೆಲ! ಇದನ್ನು ತಪ್ಪಿಸಲು ಎಕ್ಸ್‌ಅರೇಯಲ್ಲಿಯೇ ‘ಟಾಲರೆನ್ಸ್’ ಎಂಬ ಕಟ್ಟಳೆಯಿದೆ. ಕಾಲು ಡಿಗ್ರಿಯ ಪಟ್ಟಿಗೆ 0.125 ಎಂದು ಕೊಟ್ಟರೆ, ಅದಕ್ಕಿಂತ ದೂರದ ಬಿಂದುವಿನಿಂದ ಅಂಕಿಯನ್ನು ತರಬಾರದೆಂದು ಯಂತ್ರಕ್ಕೆ ಅಪ್ಪಣೆ ಮಾಡಿದಂತಾಗುತ್ತದೆ. ಸಾರ್ವಜನಿಕರ ಹಿತಕ್ಕೆ ಸಂಬಂಧಪಟ್ಟ ಯಾವ ಲೆಕ್ಕದಲ್ಲಿಯೂ ಈ ಕಟ್ಟಳೆಯನ್ನು ಬಿಡಕೂಡದು.

ಮೂರನೆಯದು, ದಾಖಲೆಯಿಲ್ಲದ ಸ್ಥಳದ ಗುರುತು. ಹವಾಮಾನ ಇಲಾಖೆಯ ಮಳೆಯ ಪಟ್ಟಿಯಲ್ಲಿ ಅಂಕಿಯಿಲ್ಲದೆಡೆ ಋಣ 999 ಎಂದು ಬರೆದಿರುತ್ತಾರೆ. ಅದು ಮಳೆಯಲ್ಲ, ಖಾಲಿಯೆಂಬ ಗುರುತು. ನೂರು ವರ್ಷಗಳ ಸರಾಸರಿಯಲ್ಲಿ ಇಂಥ ಒಂದೇ ಒಂದು ಗುರುತು ಅಂಕಿಯೆಂದು ಸೇರಿಹೋದರೂ ಆ ಸರಾಸರಿಯು ಸುಮಾರು 10 ಮಿಲಿಮೀಟರ್ ಕುಗ್ಗುತ್ತದೆ. ವಾಡಿಕೆಯ ಮಳೆಯೇ ಕುಗ್ಗಿದರೆ ಈ ವರ್ಷದ ಕೊರತೆಯು ಕಡಮೆಯಾಗಿ ತೋರುತ್ತದೆ. ಅದರ ನಷ್ಟವು ಯಾರಿಗೆಂಬುದು ಸ್ಪಷ್ಟ.

ನಾಲ್ಕನೆಯದು, ಮಾನ ಮತ್ತು ದಿನಗಳ ವ್ಯತ್ಯಾಸ. ನಮ್ಮ ಹಿರಿಯರ ಕಾಲದ ದಾಖಲೆಗಳಲ್ಲಿ ಮಳೆಯು ಅಂಗುಲ ಸೆಂಟುಗಳಲ್ಲಿರುತ್ತದೆ. 2 ಅಂಗುಲ 40 ಸೆಂಟೆಂದರೆ ಸುಮಾರು 61 ಮಿಲಿಮೀಟರ್. ಯುರೋಪಿನ ಮಧ್ಯಮಾವಧಿ ಹವಾಮಾನ ಮುನ್ಸೂಚನಾ ಕೇಂದ್ರದವರ ‘ಇಆರ್‌ಎ5’ ಎಂಬ ಪಟ್ಟಿಯಲ್ಲಿ ಮಳೆಯನ್ನು ಮೀಟರುಗಳಲ್ಲಿ ಬರೆಯುತ್ತಾರೆ, ಅಲ್ಲಿ 0.012 ಎಂದಿದ್ದರೆ 12 ಮಿಲಿಮೀಟರೆಂದು ತಿಳಿಯಬೇಕು. ಅದರಲ್ಲಿ ಅಕ್ಷಾಂಶಗಳೂ ಬಡಗಲಿಂದ ತೆಂಕಲಿಗೆ ಇಳಿಯುವುದರಿಂದ, 12ರಿಂದ 15ರವರೆಗೆ ಎಂದು ಕೇಳಿದರೆ ಏನೂ ದೊರೆಯದು; 15ರಿಂದ 12ರವರೆಗೆ ಎಂದು ಕೇಳಬೇಕು. ದಿನದ ಎಣಿಕೆಯೂ ಬೇರೆ. ನಮ್ಮ ಹವಾಮಾನ ಇಲಾಖೆಯ ಮಳೆಯ ದಿನವು ಬೆಳಗ್ಗೆ 8 ಗಂಟೆ 30 ಮಿನಿಟಿಗೆ ಮುಗಿಯುತ್ತದೆ. ಸೋಮವಾರ ಸಾಯಂಕಾಲ ಬಿದ್ದ ಮಳೆಯು ಮಂಗಳವಾರದ ತಾರೀಖಿನಲ್ಲಿ ದಾಖಲಾಗುತ್ತದೆ. ಯುರೋಪಿನ ಪಟ್ಟಿಯ ದಿನವು ನಮ್ಮ ಗಡಿಯಾರದಲ್ಲಿ ಬೆಳಗ್ಗೆ 5 ಗಂಟೆ 30 ಮಿನಿಟಿಗೆ ಆರಂಭವಾಗುತ್ತದೆ. ಇವೆರಡನ್ನೂ ಸರಿಹೊಂದಿಸದೆ ಪಕ್ಕಪಕ್ಕದಲ್ಲಿಟ್ಟು ಜಗಳವಾಡಿದರೆ ಪ್ರಯೋಜನವಿಲ್ಲ.

ಕೆಲವರು ಇನ್ನೊಂದು ಉಪಾಯವನ್ನು ಹೇಳುತ್ತಾರೆ. ಎಕ್ಸ್‌ಅರೇಯಲ್ಲಿ ‘ಇಂಟರ್ಪ್’ ಎಂಬ ಆಜ್ಞೆಯಿದ್ದು, ಅದು ಸುತ್ತಲಿನ ಬಿಂದುಗಳ ಅಂಕಿಗಳನ್ನು ದೂರಕ್ಕನುಸಾರವಾಗಿ ಬೆರೆಸಿ, ಕೇಳಿದ ಸ್ಥಳಕ್ಕೇ ಸರಿಯಾಗಿ ಒಂದು ಅಂಕಿಯನ್ನು ಕೊಡುತ್ತದೆ. ಪಕ್ಕದ ಚೌಕಕ್ಕೆ ಹಾರುವ ತೊಂದರೆಯು ಇದರಿಂದ ತಪ್ಪುವುದೇನೋ ನಿಜ. ಆದರೆ 43.7182 ಮಿಲಿಮೀಟರ್ ಎಂದು ದಶಾಂಶದ ನಾಲ್ಕು ಸ್ಥಾನಗಳವರೆಗೆ ಬರೆದ ಮಾತ್ರಕ್ಕೆ ಹೊಸದಾಗಿ ಒಂದು ಹನಿಯನ್ನಾದರೂ ಅಳೆದಂತಾಗುವುದಿಲ್ಲ. ಅಂದಾಜಿನ ಮೇಲೊಂದು ಅಂದಾಜು, ಅಷ್ಟೆ. ನೆರೆಹೊಲಗಳ ಇಳುವರಿಯನ್ನು ಬೆರೆಸಿ ನನ್ನ ಹೊಲದ ಇಳುವರಿಯನ್ನು ಸೇರು ಪಾವಿನವರೆಗೆ ಬರೆದುಕೊಟ್ಟರೆ ನಾನು ಒಪ್ಪುವೆನೆ? ಹಕ್ಕು ಪರಿಹಾರಗಳ ಲೆಕ್ಕದಲ್ಲಿ ಇಂಥ ಅಂಕಿಯನ್ನು ಅಳತೆಯೆಂದು ಹೇಳುವುದು ಸಲ್ಲದೆಂದು ನನ್ನ ಖಚಿತವಾದ ಅಭಿಪ್ರಾಯ.

ಚೌಕವು ಚಿಕ್ಕದಾದರೆ ಸಾಲದೆ ಎಂದು ಕೇಳಬಹುದು. ಕ್ಯಾಲಿಫೋರ್ನಿಯ ವಿಶ್ವವಿದ್ಯಾನಿಲಯದ ಸಾಂಟಾ ಬಾರ್ಬರಾ ಶಾಖೆಯವರು ಸಿದ್ಧಪಡಿಸಿದ ‘ಚಿರ್ಪ್ಸ್’ ಎಂಬ ಪಟ್ಟಿಯಲ್ಲಿ 1981ರಿಂದೀಚಿನ ಮಳೆಯು 0.05 ಡಿಗ್ರಿಯ ಚೌಕಗಳಲ್ಲಿದೆ. ಇಂಥ ಒಂದು ಚೌಕಕ್ಕೆ ನಮ್ಮಲ್ಲಿ ಸುಮಾರು 30 ಚದರ ಕಿಲೋಮೀಟರ್, ಅಂದರೆ 7,400 ಎಕರೆ. ಕೃತಕ ಉಪಗ್ರಹಗಳು ಮೇಲಿನಿಂದ ನೋಡಿದ ಮೋಡಗಳ ಶೈತ್ಯದಿಂದ ಮಳೆಯನ್ನು ಊಹಿಸಿ, ಅದನ್ನು ನೆಲದ ಮಾಪಕಗಳೊಡನೆ ಹೊಂದಿಸಿ ಇದನ್ನು ಮಾಡುತ್ತಾರೆ. ಚೌಕವು ಚಿಕ್ಕದಾದಷ್ಟೂ ಸೂಕ್ಷ್ಮವು ಹೆಚ್ಚಾಗಬಹುದು. ಆದರೆ ಸತ್ಯವೂ ಅಷ್ಟೇ ಪ್ರಮಾಣದಲ್ಲಿ ಹೆಚ್ಚುವುದೆಂಬ ನಿಯಮವಿಲ್ಲ. ಮೇಲಿನಿಂದ ಮೋಡವನ್ನು ನೋಡುವುದು ಬೇರೆ, ಕೆಳಗೆ ನೀರನ್ನು ಅಳೆಯುವುದು ಬೇರೆ.

ಹಾಗಾದರೆ ಈ ಪಟ್ಟಿಗಳೆಲ್ಲ ನಿಷ್ಪ್ರಯೋಜಕವೆ? ಎಂದಿಗೂ ಅಲ್ಲ. ನೂರಿಪ್ಪತ್ತು ವರ್ಷಗಳಿಗೂ ಮೇಲ್ಪಟ್ಟ ದಿನವಹಿ ದಾಖಲೆಯು ಯಾವ ಊರಿನ ಯಾವ ಮುದುಕನ ನೆನಪಿನಲ್ಲಿಯೂ ಇರಲಾರದು. ಮೃಗಶಿರಾ ಆರಿದ್ರಾ ಮಳೆಗಳು ನಮ್ಮ ಸೀಮೆಯಲ್ಲಿ ಎಷ್ಟು ವರ್ಷಕ್ಕೊಮ್ಮೆ ಕೈಕೊಡುತ್ತವೆ, ಜುಲೈ ತಿಂಗಳಿನ ಎರಡನೆಯ ಪಕ್ಷದಲ್ಲಿ ದೀರ್ಘವಾದ ಒಣಗಾಲ ಬರುವ ಸಂಭವವೆಷ್ಟು, ಹಿಂಗಾರು ನಂಬಿ ಕಡಲೆ ಬಿತ್ತುವುದು ಎಷ್ಟರ ಮಟ್ಟಿಗೆ ಲಾಭಕರ ಎಂಬಿವೇ ಮೊದಲಾದ ಪ್ರಶ್ನೆಗಳಿಗೆ ಚೌಕದ ಅಂಕಿಯೇ ಉತ್ತಮವಾದ ಉತ್ತರವನ್ನು ಕೊಡುತ್ತದೆ. ಸೀಮೆಯ ಪ್ರಶ್ನೆಯನ್ನು ಚೌಕಕ್ಕೆ ಕೇಳಬೇಕು. ಹೊಲದ ಪ್ರಶ್ನೆಯನ್ನು ಹೊಲದ ಮಾಪಕಕ್ಕೆ ಕೇಳಬೇಕು. ಒಂದರ ಉತ್ತರವನ್ನು ಇನ್ನೊಂದರ ಮೇಲೆ ಹೇರುವುದೇ ಎಲ್ಲ ಅನರ್ಥಕ್ಕೂ ಮೂಲ.

ಇದೆಲ್ಲ ಹಳ್ಳಿಯವರಿಗೆ ತಿಳಿಯದ ವಿದ್ಯೆ, ಕಛೇರಿಯವರೇ ನೋಡಿಕೊಳ್ಳುವರೆಂದು ಹೇಳುವವರೂ ಉಂಟು. ಈ ಮಾತನ್ನು ನಾನು ಒಪ್ಪುವುದಿಲ್ಲ. ‘ಭೂಮಿ’ ಯೋಜನೆಯಿಂದ ಪಹಣಿಗಳು ಕಂಪ್ಯೂಟರಿಗೆ ಬಂದ ಕಾಲದಲ್ಲಿಯೂ ಇದೇ ಮಾತು ಕೇಳಿಬಂದಿತ್ತು. ಈಗ ತಮ್ಮ ಪಹಣಿಯಲ್ಲಿ ಒಂದು ಅಕ್ಷರ ತಪ್ಪಿದ್ದರೂ ಕಂಡುಹಿಡಿಯುವ ಜಮೀನುದಾರರು ಊರೂರಿನಲ್ಲಿ ಇದ್ದಾರೆ. ಹವಾಮಾನ ಇಲಾಖೆಯ ಪುಣೆಯ ಕಛೇರಿಯ ಮೂಲಕ ಈ ಪಟ್ಟಿಗಳು ವರ್ಷವಾರು ಕಡತಗಳಾಗಿ ದೊರೆಯುತ್ತವೆ. ಪೈಥಾನ್, ಎಕ್ಸ್‌ಅರೇಗಳಿಗೂ ಬೆಲೆ ಕೊಡಬೇಕಾಗಿಲ್ಲ. ಕಾಲೇಜಿನಲ್ಲಿ ಓದುತ್ತಿರುವ ಹುಡುಗ ಹುಡುಗಿಯರು ಇಲ್ಲದ ಗ್ರಾಮವು ಈಗ ಅಪರೂಪ. ರಜೆಯಲ್ಲಿ ಊರಿಗೆ ಬಂದವರಿಗೆ ಊರಿನ ಅಕ್ಷಾಂಶ ರೇಖಾಂಶಗಳನ್ನು ಕೊಟ್ಟು, ನಮ್ಮ ಚೌಕದ ಮಳೆಯನ್ನು ತೆಗೆದು ತೋರಿಸೆಂದು ಮುಖಂಡರು ಕೇಳಿದರೆ, ಆ ವಿದ್ಯೆಯೂ ಸಾರ್ಥಕ, ಊರಿಗೂ ಉಪಕಾರ.

ಆದುದರಿಂದ ಗ್ರಾಮಮುಖಂಡರು ಎರಡು ಕಾರ್ಯಗಳನ್ನು ಕೈಕೊಳ್ಳಬೇಕೆಂದು ನನ್ನ ಸೂಚನೆ. ಮೊದಲನೆಯದು, ಪಂಚಾಯತಿಯ ಸಭೆಯಲ್ಲಾಗಲಿ ವಿಮೆಯವರ ಮುಂದಾಗಲಿ ಮಳೆಯ ಅಂಕಿಯನ್ನು ಯಾರು ಹೇಳಿದರೂ ಅದರ ಚಕ್ಕುಬಂದಿಯನ್ನು ಕೇಳತಕ್ಕದ್ದು. ಇದು ಮಾಪಕದ ಅಂಕಿಯೋ ಚೌಕದ ಅಂಕಿಯೋ? ಚೌಕವಾದರೆ ಅದರ ನಡುಬಿಂದು ಯಾವುದು, ವಿಸ್ತೀರ್ಣವೆಷ್ಟು? ಯಾರ ಪಟ್ಟಿ? ದಿನವು ಯಾವ ಗಂಟೆಯಿಂದ ಯಾವ ಗಂಟೆಯವರೆಗೆ? ಖಾಲಿಯ ಗುರುತುಗಳನ್ನು ಬಿಟ್ಟು ಲೆಕ್ಕಮಾಡಿದೆಯೆ? ಈ ಐದು ಪ್ರಶ್ನೆಗಳಿಗೆ ಉತ್ತರವಿದ್ದರೆ ಅಂಕಿಗೆ ಬೆಲೆಯುಂಟು. ಇಲ್ಲವಾದರೆ ಅದನ್ನು ಬರೆದುಕೊಳ್ಳುವ ಅವಶ್ಯಕತೆಯಿಲ್ಲ. ನಮ್ಮ ಇಲಾಖೆಯ ನೌಕರರಿಗೂ ಈ ಪ್ರಶ್ನೆಗಳನ್ನು ನಿಸ್ಸಂಕೋಚವಾಗಿ ಹಾಕಬಹುದು, ಹಾಕಬೇಕು.

ಎರಡನೆಯದು, ಗ್ರಾಮವು ತನ್ನದೇ ಆದ ಒಂದು ಸಾಧಾರಣ ಮಳೆಮಾಪಕವನ್ನೂ ಒಂದು ದಾಖಲೆ ಪುಸ್ತಕವನ್ನೂ ಇಡತಕ್ಕದ್ದು. ಕರ್ನಾಟಕ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರದವರು ಗ್ರಾಮ ಪಂಚಾಯತಿಗಳಲ್ಲಿ ತಾವಾಗಿಯೇ ವರದಿ ಕಳುಹಿಸುವ ಮಾಪಕಗಳನ್ನು ಸ್ಥಾಪಿಸಿದ್ದಾರೆ. ಅವುಗಳ ಅಂಕಿಗೂ ನಮ್ಮ ಅಂಕಿಗೂ ಚೌಕದ ಅಂಕಿಗೂ ಹೋಲಿಕೆ ನೋಡುವ ಅಭ್ಯಾಸವು ಬೆಳೆಯಲಿ. ಮಾಪಕದ ಬಾಯಿಯು ನೆಲದಿಂದ 30 ಸೆಂಟಿಮೀಟರ್ ಎತ್ತರದಲ್ಲಿ ಮಟ್ಟವಾಗಿರಬೇಕು. ಮರ, ಗೋಡೆ, ಬಣವೆ ಮುಂತಾದುವು ತಮ್ಮ ಎತ್ತರದ ಎರಡರಷ್ಟಾದರೂ ದೂರದಲ್ಲಿರಬೇಕು. ಬಾಯಿಯ ವಿಸ್ತೀರ್ಣವು 200 ಚದರ ಸೆಂಟಿಮೀಟರ್ ಇದ್ದರೆ ಅದರಲ್ಲಿ ಸಂಗ್ರಹವಾದ 20 ಮಿಲಿಲೀಟರ್ ನೀರಿಗೆ 1 ಮಿಲಿಮೀಟರ್ ಮಳೆ. ಪ್ರತಿದಿನವೂ ಬೆಳಗ್ಗೆ 8 ಗಂಟೆ 30 ಮಿನಿಟಿಗೆ ಅಳೆದು, ಮಳೆಯಿಲ್ಲದ ದಿನ ಸೊನ್ನೆಯೆಂದೂ, ಅಳೆಯದ ದಿನ ‘ಅಳೆದಿಲ್ಲ’ವೆಂದೂ ಬರೆಯಬೇಕು. ಸೊನ್ನೆಯೇ ಬೇರೆ, ಖಾಲಿಯೇ ಬೇರೆ ಎಂಬುದನ್ನು ಮೇಲೆಯೇ ಹೇಳಿದೆ. ಪುಸ್ತಕದ ಮೊದಲ ಪುಟದಲ್ಲಿ ಮಾಪಕವಿರುವ ಸ್ಥಳದ ಅಕ್ಷಾಂಶ ರೇಖಾಂಶಗಳನ್ನು ದಶಾಂಶದಲ್ಲಿ ಬರೆದಿಡಬೇಕು. ಇಂಥ ಪುಸ್ತಕಕ್ಕೆ ಕಾನೂನಿನ ಬಲವಿಲ್ಲದಿರಬಹುದು. ಆದರೆ ಐದು ವರ್ಷ ತಪ್ಪದೆ ಬರೆದ ದಾಖಲೆಯನ್ನು ಮುಂದಿಟ್ಟು ಮಾತನಾಡುವ ಗ್ರಾಮಕ್ಕೆ ಬರಿಯ ಬಾಯಿಮಾತಿನ ಗ್ರಾಮಕ್ಕಿಂತ ಹೆಚ್ಚಿನ ಮರ್ಯಾದೆ ದೊರೆಯುವುದರಲ್ಲಿ ಸಂಶಯವಿಲ್ಲ.

ಯಂತ್ರವು ಕೇಳಿದ್ದಕ್ಕೆ ಉತ್ತರ ಕೊಡುತ್ತದೆಯೇ ಹೊರತು ಕೇಳಬೇಕಾದುದನ್ನು ಕಲಿಸುವುದಿಲ್ಲ. ಕೇಳುವ ಕೆಲಸವು ನಮ್ಮದು. ಮುಂಗಾರು ಆರಂಭವಾಗುವುದಕ್ಕೆ ಮುಂಚೆಯೇ ಮಾಪಕದ ಸ್ಥಳವನ್ನು ಗೊತ್ತುಮಾಡಿ, ಪುಸ್ತಕವನ್ನು ತೆರೆದು, ದಿನವೂ ಅಳೆದು ಬರೆಯತಕ್ಕವರನ್ನು ನೇಮಿಸಿಕೊಳ್ಳುವ ಗ್ರಾಮಗಳಿಗೆ, ಅಕ್ಷಾಂಶ ರೇಖಾಂಶಗಳನ್ನು ಗುರುತಿಸುವುದರಲ್ಲಿಯೂ ಚೌಕದ ಪಟ್ಟಿಯನ್ನು ಓದುವುದರಲ್ಲಿಯೂ ಹೋಬಳಿಯ ರೈತ ಸಂಪರ್ಕ ಕೇಂದ್ರದ ನೌಕರರು ನೆರವಾಗಬೇಕಾದುದು ಯುಕ್ತ. ಮುಖಂಡರು ಈ ವಿಷಯವನ್ನು ಮುಂದಿನ ಗ್ರಾಮಸಭೆಯಲ್ಲಿಯೇ ಎತ್ತಿ, ನೆರವನ್ನು ಕೇಳಿ ಪಡೆಯುವರೆಂದು ನಂಬಿರುತ್ತೇನೆ.